ಆಧಾರವೆಲ್ಲಿ?

ವಿಕಿಪೀಡಿಯವೆಂಬ ಅಂತರಜಾಲ ವಿಶ್ವಕೋಶಕ್ಕೆ ಮಹಿಳೆಯರ ಜೀವನಚರಿತ್ರೆಗಳನ್ನು ಬರೆಯುವ ಕೆಲಸವನ್ನು ನಾನಾಗಿಯೇ ಕೈಗೊಂಡೆ. ಸಂಬಳವಿಲ್ಲ, ಲೇಖನದ ಕೆಳಗೆ ಹೆಸರೂ ಇಲ್ಲ. ಬರೆದುದಕ್ಕೆ ಪ್ರಕಟಿತ ಆಧಾರವಿರಬೇಕೆಂಬುದು ಅಲ್ಲಿನ ಮುಖ್ಯ ನಿಯಮ. ನಿಯಮವೇನೋ ನ್ಯಾಯವಾದುದೇ. ಆದರೆ ಲೋಕವು ಯಾರನ್ನು ಕುರಿತು ಬರೆಯಲಿಲ್ಲವೋ ಅವರಿಗೆ ಆಧಾರವೆಲ್ಲಿಂದ ಬರಬೇಕು?

2018ರ ಮೇ ತಿಂಗಳಲ್ಲಿ ಕೆನಡಾದ ಭೌತವಿಜ್ಞಾನಿ ಡಾನಾ ಸ್ಟ್ರಿಕ್‌ಲ್ಯಾಂಡರನ್ನು ಕುರಿತ ಲೇಖನವು ಆಧಾರ ಸಾಲದೆಂದು ಇಂಗ್ಲಿಷ್ ವಿಕಿಪೀಡಿಯದಲ್ಲಿ ತಿರಸ್ಕೃತವಾಯಿತು. ಅಕ್ಟೋಬರಿನಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು!

ನಮ್ಮ ನಂಜನಗೂಡು ತಿರುಮಲಾಂಬ (1887–1982) ಬಾಲವಿಧವೆ. ಮನೆಯಲ್ಲಿಯೇ ಓದಿ, ಕಾದಂಬರಿಗಳನ್ನು ರಚಿಸಿ, ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನು ನಡೆಸಿ, ತಮ್ಮ ಗುರುತನ್ನು ಅಚ್ಚಿನಲ್ಲಿ ಉಳಿಸಿದರು. ಹಾಗೆ ಉಳಿಸಲಾರದೆ ಹೋದವರೆಷ್ಟು ಮಂದಿಯೋ!

ವಾಚಕರೇ, ಅಟ್ಟದ ಮೇಲಿನ ಹಳೆಯ ಪತ್ರಿಕೆಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ತಿರುವಿ ನೋಡಿರಿ. ಯಾವ ತಾಯಿಯ ಬಾಳಿಗೆ ಅದೊಂದೇ ಸಾಕ್ಷಿಯೋ!