ಹೊಗೆಯಾಡುವ ಕ್ರಿಯಾಪದ

ಇಂಗ್ಲಿಷಿನ ‘ಸ್ಮೋಲ್ಡರ್’ ಎಂಬ ಕ್ರಿಯಾಪದಕ್ಕೆ ಬರೀ ‘ಉರಿ’ ಎಂದು ಬರೆದರೆ ಅಂಕ ಹೋದೀತು. ಜ್ವಾಲೆಯಿಲ್ಲದೆ ಒಳಗೊಳಗೇ ಬೇಯುವುದು ಅದು, ನಮ್ಮ ‘ಹೊಗೆಯಾಡು’. ಆಮ್ಲಜನಕ ಸಾಲದಾದಾಗ ಸೌದೆಯ ಮೇಲ್ಮೈ ಮಾತ್ರ ನಿಧಾನವಾಗಿ ದಹಿಸುತ್ತದೆ. ಗಾಳಿ ಬೀಸಿದರೆ ಧಗ್ಗನೆ ಹೊತ್ತಿಕೊಳ್ಳಬಹುದು. ಕೊಳ್ಳೇಗಾಲ, ಹನೂರು, ಯಳಂದೂರಿನ ಕಾಡಂಚಿನ ಮಕ್ಕಳಿಗೆ ಇದು ಹೊಸತಲ್ಲ: ಸಂಜೆ ಆರಿದಂತಿದ್ದ ಮರದ ಬೊಡ್ಡೆಯೇ ಮರುದಿನ ಕಾಳ್ಗಿಚ್ಚಿಗೆ ಮೂಲವಾದೀತು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಬಲಿಯುವ ಮೊದಲೇ ‘ತರಗು ಬೆಂಕಿ’ ಹಾಕಿ ಒಣ ಎಲೆ ತೀರಿಸುತ್ತಿದ್ದರು. ಜಾಣತನವೇ ಅನ್ನಿ. 1974ರಲ್ಲಿ ಅಭಯಾರಣ್ಯವಾದ ಬಳಿಕ ಆ ರೂಢಿ ನಿಂತುಹೋಯಿತು. ಲಂಟಾನ ಹಬ್ಬಿದ್ದು ಅದರಿಂದಲೇ ಎಂಬ ಅವರ ಅಸಮಾಧಾನ ಈಗಲೂ ಹೊಗೆಯಾಡುತ್ತಿದೆ. ಪದದ ಎರಡನೆಯ ಅರ್ಥ ಇದೇ. ಇಂಗ್ಲಿಷಿನಲ್ಲೂ ಸಿಟ್ಟು, ಅಸಮಾಧಾನಗಳು ಹೀಗೆ ಹೊಗೆಯಾಡುತ್ತವೆ.