ತಂತಿಯ ಅಡಿಯಲ್ಲಿ ಅಡಗಿರುವ ನಾದ

1970ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ಗಿಟಾರ್ ರಿಪೇರಿ ಮಾಡುತ್ತಿದ್ದ ಅಮೆರಿಕದ ತರುಣ ಸೆಮೂರ್ ಡಂಕನ್, ಫೆಂಡರ್ ಕಂಪನಿಯ ಟೆಲಿಕಾಸ್ಟರ್ ಗಿಟಾರೊಂದಕ್ಕೆ ಪ್ರತಿಸ್ಪರ್ಧಿ ಗಿಬ್ಸನ್ ಕಂಪನಿಯ ಹಳೆಯ ಪಿಕಪ್‌ಗಳನ್ನು, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸಾಧನಗಳನ್ನು, ಹೊಸದಾಗಿ ತಂತಿ ಸುತ್ತಿ ಕೂರಿಸಿದರು. ಅದನ್ನು ತಾವು ಆರಾಧಿಸುತ್ತಿದ್ದ ಗಿಟಾರ್ ವಾದಕ ಜೆಫ್ ಬೆಕ್ ಅವರ ಕೈಗಿತ್ತರು. 1975ರಲ್ಲಿ ಬಂದ ಬೆಕ್ ಅವರ ‘ಬ್ಲೋ ಬೈ ಬ್ಲೋ’ ಆಲ್ಬಂನಲ್ಲಿ, ಸ್ಟೀವಿ ವಂಡರ್ ರಚಿಸಿದ ವಿಷಾದದ ಧಾಟಿಯೊಂದನ್ನು ನುಡಿಸಿದ್ದು ಇದೇ ಗಿಟಾರ್. ಟೆಲಿಕಾಸ್ಟರ್ ಎಂದರೆ ಚುರುಕು, ಹರಿತ ದನಿ ಎಂದುಕೊಂಡಿದ್ದವರಿಗೆ ಅಲ್ಲಿ ಕೇಳಿಸಿದ್ದು ಮನುಷ್ಯ ಕಂಠದಷ್ಟು ದುಂಡಗಿನ, ತುಂಬಿದ ನಾದ.

ಇಷ್ಟು ದೊಡ್ಡ ವ್ಯತ್ಯಾಸ ತಂದ ಪಿಕಪ್ ರಚನೆಯಲ್ಲಿ ತೀರಾ ಸರಳ. ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ತೆಳುವಾದ, ಸುಮಾರು 0.06 ಮಿಲಿಮೀಟರ್ ದಪ್ಪದ ತಾಮ್ರದ ತಂತಿಯ ಸಾವಿರಾರು ಸುತ್ತು. ಅಯಸ್ಕಾಂತದ ಪ್ರಭಾವದಿಂದ ಮೇಲಿನ ಉಕ್ಕಿನ ತಂತಿಯೂ ಕಾಂತವಾಗುತ್ತದೆ. ಮೀಟಿದಾಗ ಅದು ಅಲುಗುತ್ತದೆ, ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಏರಿಳಿಯುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವವೇ ಇದು. ಈ ಪುಟ್ಟ ವಿದ್ಯುತ್ತನ್ನು ಆಂಪ್ಲಿಫೈಯರ್ ಹಿಗ್ಗಿಸಿ ಸ್ಪೀಕರಿಗೆ ಕಳಿಸುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಪಿಕಪ್ ಮೈಕಿನಂತೆ ಗಾಳಿಯಲ್ಲಿನ ಸದ್ದನ್ನು ಹಿಡಿಯುವುದಿಲ್ಲ. ಅದಕ್ಕೆ ತಿಳಿಯುವುದು ಕಾಂತಕ್ಕೆ ಸ್ಪಂದಿಸುವ ಲೋಹದ ಚಲನೆ ಮಾತ್ರ. ವೀಣೆಯ ಹಿತ್ತಾಳೆ ತಂತಿಯ ಕೆಳಗೆ ಇಂಥ ಪಿಕಪ್ ಇಟ್ಟರೆ ಅದು ಏನನ್ನೂ ಗ್ರಹಿಸದು. ನಮ್ಮ ಕಛೇರಿಗಳಲ್ಲಿ ವೀಣೆಯ ಮೈಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಬೇರೆಯೇ ಜಾತಿ. ಅದು ಮರದ ಕಂಪನವನ್ನು ಹಿಡಿಯುತ್ತದೆ.

1931ರ ಸುಮಾರಿಗೆ ಜಾರ್ಜ್ ಬೋಶಾಂಪ್ ಫ್ಯಾರಡೆಯ ತತ್ವದ ಮೇಲೆ ರೂಪಿಸಿದ ಪಿಕಪ್ ಕುದುರೆ ಲಾಳದ ಆಕಾರದ ಅಯಸ್ಕಾಂತಗಳದ್ದು. ರಿಕನ್‌ಬ್ಯಾಕರ್ ಸಂಸ್ಥೆ ಅದನ್ನು ಅಲ್ಯೂಮಿನಿಯಂ ಗಿಟಾರಿನಲ್ಲಿ ಅಳವಡಿಸಿತು. ಬಾಣಲೆಯನ್ನು ಹೋಲುತ್ತಿದ್ದ ಆ ವಾದ್ಯಕ್ಕೆ ‘ಫ್ರೈಯಿಂಗ್ ಪ್ಯಾನ್’ ಎಂಬ ಅಡ್ಡಹೆಸರೇ ನಿಂತಿತು. ಪೇಟೆಂಟ್ ಸಿಕ್ಕಿದ್ದು 1937ರಲ್ಲಿ.

ಆದರೆ ಒಂಟಿ ಸುರುಳಿಯ ಪಿಕಪ್‌ಗೆ, ಅಂದರೆ ಸಿಂಗಲ್ ಕಾಯಿಲ್‌ಗೆ, ಒಂದು ಕೊರತೆಯಿತ್ತು. ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಲೈಟ್, ಡಿಮ್ಮರ್‌ಗಳಿಂದ ಹೊಮ್ಮುವ ಕಾಂತಕ್ಷೇತ್ರವನ್ನೂ ಅದು ಹೀರಿಕೊಂಡು ‘ಗುಂಯ್’ ಎನ್ನುತ್ತಿತ್ತು. ನಮ್ಮಲ್ಲಿ ವಿದ್ಯುತ್ 50 ಹರ್ಟ್ಸ್‌ನದು, ಅಮೆರಿಕದಲ್ಲಿ 60. ಗುಂಯ್‌ಗುಟ್ಟುವ ಶ್ರುತಿಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ 1955ರಲ್ಲಿ ಇದಕ್ಕೆ ಚಂದದ ಪರಿಹಾರ ಹುಡುಕಿದರು. ಎರಡು ಸುರುಳಿಗಳನ್ನು ಜೊತೆಗಿಟ್ಟು, ಒಂದರ ಸುತ್ತುವ ದಿಕ್ಕನ್ನೂ ಅಯಸ್ಕಾಂತದ ಧ್ರುವವನ್ನೂ ತಿರುವುಮುರುವು ಮಾಡಿದರು. ತಂತಿಯ ಸಂಕೇತ ಎರಡರಲ್ಲೂ ಕೂಡುತ್ತದೆ, ಹೊರಗಿನಿಂದ ಬಂದ ಗದ್ದಲ ಪರಸ್ಪರ ಕಳೆದುಹೋಗುತ್ತದೆ. ಇದೇ ಹಮ್‌ಬಕರ್. ಪೇಟೆಂಟ್ ಅರ್ಜಿ ಸಲ್ಲಿಸಿ ಕಾಯುತ್ತಿದ್ದ ದಿನಗಳಲ್ಲಿ ಪಿಕಪ್‌ನ ತಳಕ್ಕೆ ‘ಪೇಟೆಂಟ್ ಅಪ್ಲೈಡ್ ಫಾರ್’ ಎಂಬ ಚೀಟಿ ಅಂಟಿಸುತ್ತಿದ್ದರು. ಆ ಚೀಟಿಯ ‘ಪಿಎಎಫ್’ ಪಿಕಪ್‌ಗಳಿಗೆ ಇಂದು ಸಂಗ್ರಾಹಕರು ಚಿನ್ನದಂಥ ಬೆಲೆ ಕೊಡುತ್ತಾರೆ.

ಎರಡು ಸುರುಳಿ ಸೇರಿದಾಗ ಗದ್ದಲದ ಜೊತೆಗೆ ಮೇಲಿನ ಸ್ವರಾಂಶಗಳ ಹೊಳಪೂ ಸ್ವಲ್ಪ ಹೋಗುತ್ತದೆ, ದನಿ ದಪ್ಪವಾಗುತ್ತದೆ. ಕೆಲವರಿಗೆ ಬೇಕಾದದ್ದೇ ಇದು, ಇನ್ನು ಕೆಲವರು ಗುಂಯ್ ಸದ್ದನ್ನು ಸಹಿಸಿಕೊಂಡೂ ಸಿಂಗಲ್ ಕಾಯಿಲ್ ಬಿಡುವುದಿಲ್ಲ. ಪಿಕಪ್ ಕೂತಿರುವ ಜಾಗವೂ ಮುಖ್ಯ. ತಂತಿಗಳು ಆತು ನಿಲ್ಲುವ ಬ್ರಿಡ್ಜ್ ಪಕ್ಕದಲ್ಲಿ ತಂತಿ ಕಡಿಮೆ ಅಲುಗುವುದರಿಂದ ದನಿ ಬಿಗಿಯಾಗಿ, ಚೂಪಾಗಿ ಬರುತ್ತದೆ. ಕುತ್ತಿಗೆಯ ಬಳಿ ಮೃದುವಾಗಿ ಹರಡುತ್ತದೆ.

ಗಿಟಾರ್ ತಯಾರಿಸಿದ ಕಂಪನಿಯ ಪಿಕಪ್ ಕಳಚಿ ಬೇರೊಂದನ್ನು ಹಾಕುವುದನ್ನು ವ್ಯಾಪಾರವಾಗಿ ಬೆಳೆಸಿದವರಲ್ಲಿ ಲ್ಯಾರಿ ಡಿಮಾರ್ಜಿಯೊ ಮೊದಲಿಗರು. ಅವರ ‘ಸೂಪರ್ ಡಿಸ್ಟಾರ್ಷನ್’ ಪಿಕಪ್ ಬಂದದ್ದು 1972ರಲ್ಲಿ: ಸೆರಾಮಿಕ್ ಅಯಸ್ಕಾಂತ, ಹೆಚ್ಚು ಸುತ್ತು, ಆಂಪ್ಲಿಫೈಯರನ್ನು ಗರ್ಜಿಸುವಂತೆ ಮಾಡುವ ಬಲವಾದ ಸಂಕೇತ. ಡಂಕನ್ ಕೂಡ 1976ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. ಅದೇ ಕಾಲದಲ್ಲಿ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಮನೆಯಲ್ಲೇ, ಗಿಬ್ಸನ್ ಗಿಟಾರಿನ ಹಮ್‌ಬಕರ್ ಒಂದನ್ನು ಫೆಂಡರ್ ಕಂಪನಿಯ ಸ್ಟ್ರಾಟೋಕಾಸ್ಟರ್ ಆಕಾರದ ಮರಕ್ಕೆ ಬಿಗಿದರು. ಜೋರು ವಾಲ್ಯೂಮಿನಲ್ಲಿ ಸುರುಳಿ ತಾನೇ ಕಂಪಿಸಿ ಕೀರಲು ಸದ್ದು ಮಾಡದಂತೆ ಪಿಕಪ್ಪನ್ನು ಕರಗಿದ ಮೇಣದಲ್ಲಿ ಅದ್ದಿದರು. 1978ರ ಅವರ ತಂಡದ ಮೊದಲ ಆಲ್ಬಂ ರಾಕ್ ಗಿಟಾರಿನ ದನಿಯನ್ನೇ ಬದಲಿಸಿತು.

ಇಂಥ ಕಥೆ ಕೇಳಿ ತಕ್ಷಣ ಹೊಸ ಪಿಕಪ್‌ಗೆ ದುಡ್ಡು ಹಾಕುವುದು ಬೇಡ. ಮೊದಲು ಹಳೆಯ ತಂತಿಗಳನ್ನು ಬದಲಿಸಿ ನೋಡಬೇಕು. ಆಮೇಲೆ ಒಂದು ಸ್ಕ್ರೂ ಡ್ರೈವರ್ ಹಿಡಿದು ಪಿಕಪ್‌ನ ಎತ್ತರ ಸರಿಮಾಡಬೇಕು. ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದಾಗ ಹಮ್‌ಬಕರ್‌ಗೂ ತಂತಿಗೂ ನಡುವೆ ಬ್ರಿಡ್ಜ್ ಕಡೆ ಸುಮಾರು 1.6, ಕುತ್ತಿಗೆ ಕಡೆ ಸುಮಾರು 2.4 ಮಿಲಿಮೀಟರ್ ಅಂತರ ಒಳ್ಳೆಯ ಆರಂಭ. ಸಿಂಗಲ್ ಕಾಯಿಲ್ ತೀರಾ ಹತ್ತಿರ ಬಂದರೆ ಅಯಸ್ಕಾಂತ ತಂತಿಯನ್ನೇ ಎಳೆದು ಶ್ರುತಿ ಕದಡುತ್ತದೆ. ಕಡಿಮೆ ಬೆಲೆಯ ಎಷ್ಟೋ ಗಿಟಾರ್‌ಗಳ ಮಂಕು ದನಿ ಇಷ್ಟರಲ್ಲೇ ತಿಳಿಯಾಗುತ್ತದೆ.

ಅಷ್ಟಾದರೂ ಸಮಾಧಾನವಿಲ್ಲದಿದ್ದರೆ, ಕೊರತೆ ಏನೆಂದು ನಿಖರವಾಗಿ ಗುರುತಿಸಿಕೊಂಡು ಅಂಗಡಿಗೆ ಹೋಗುವುದು ಜಾಣತನ: ಗುಂಯ್ ಸದ್ದೇ, ತೀರಾ ಚೂಪಾದ ದನಿಯೇ, ಕಾರ್ಡ್ ನುಡಿಸಿದಾಗ ಸ್ವರಗಳು ಕಲಸಿಹೋಗುವುದೇ? ಡಬ್ಬಿಯ ಮೇಲಿನ ಕಿಲೋ-ಓಮ್ ಅಂಕಿಯನ್ನು, ಅಂದರೆ ಸುರುಳಿಯ ವಿದ್ಯುತ್ ರೋಧವನ್ನು, ಶಕ್ತಿಯ ಅಳತೆ ಎಂದು ನಂಬುವ ರೂಢಿ ತಪ್ಪು. ಸುರುಳಿಗೆ ತೆಳು ತಂತಿ ಬಳಸಿದರೆ ಸುತ್ತು ಹೆಚ್ಚಿಸದೆಯೂ ಆ ಅಂಕಿ ಏರುತ್ತದೆ. ಅಯಸ್ಕಾಂತ ಯಾವುದು, ಸುತ್ತು ಎಷ್ಟು ಎಂಬುದೂ ಅಷ್ಟೇ ಮುಖ್ಯ. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಸೇರಿದ ಆಲ್ನಿಕೋ ಅಯಸ್ಕಾಂತಗಳಲ್ಲಿ 2ನೇ ದರ್ಜೆಯದು ಸೌಮ್ಯ, 5ನೆಯದು ಗಟ್ಟಿ. ವಾಲ್ಯೂಮ್ ತಿರುಗಣೆಯನ್ನೂ ಮರೆಯಬಾರದು: ಸಿಂಗಲ್ ಕಾಯಿಲ್‌ಗೆ ಸಾಮಾನ್ಯವಾಗಿ 250 ಕಿಲೋ-ಓಮ್, ಹಮ್‌ಬಕರ್‌ಗೆ 500. ಹಮ್‌ಬಕರ್ ಹಾಕಿ 250ರದನ್ನು ಹಾಗೇ ಉಳಿಸಿದರೆ ದುಬಾರಿ ಪಿಕಪ್ ಕೂಡ ಮಂಕಾಗಿ ಕೇಳಿಸುತ್ತದೆ.

ಕೆಲಸ ಕಷ್ಟದ್ದೇನಲ್ಲ. ಗಿಟಾರನ್ನು ಆಂಪ್ಲಿಫೈಯರಿನಿಂದ ಬಿಡಿಸಿ, ತಂತಿ ಸಡಿಲಿಸಿ, ಹಳೆಯ ವೈರಿಂಗಿನ ಫೋಟೊ ತೆಗೆದಿಟ್ಟು, ನಂತರ ಸೋಲ್ಡರಿಂಗ್ ಐರನ್ ಕೈಗೆತ್ತಿಕೊಳ್ಳಬೇಕು. ವೈರಿನ ಬಣ್ಣಗಳ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ. ಪಿಕಪ್ ಜೊತೆ ಬಂದ ನಕ್ಷೆಯನ್ನೇ ಅನುಸರಿಸಬೇಕು. ಎರಡು ಪಿಕಪ್ ಒಟ್ಟಿಗೆ ನುಡಿದಾಗ ದನಿ ಬಡಕಲಾಗಿ, ಮೂಗಿನಿಂದ ಬಂದಂತೆ ಕೇಳಿಸಿದರೆ ಒಂದರ ಸಂಪರ್ಕ ತಿರುವುಮುರುವಾಗಿದೆ ಎಂದರ್ಥ. ಅದರ ಎರಡು ವೈರ್ ಅದಲುಬದಲು ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಕಳಚಿದ ಹಳೆಯ ಪಿಕಪ್ಪನ್ನು ಮಾತ್ರ ಎಸೆಯಬೇಡಿ. ಸ್ಕ್ರೂಗಳ ಸಮೇತ ಪೊಟ್ಟಣ ಕಟ್ಟಿ ಹೆಸರು ಬರೆದಿಡಿ. ಮುಂದೊಂದು ದಿನ ಗಿಟಾರ್ ಮಾರುವಾಗ, ಅದು ಹಳೆಯ ಕಾಲದ ವಾದ್ಯವಾಗಿದ್ದರಂತೂ, ಮೂಲ ಭಾಗಗಳಿದ್ದರೆ ಕೊಳ್ಳುವವರು ಹೆಚ್ಚು ಬೆಲೆ ಕೊಡುತ್ತಾರೆ.