ಹಿರಿಯರ ಮುಖ, ಬಾಗಿಲ ಬೆಳಕು

ನಮ್ಮ ಮನೆಯ ನಡುಮನೆಯಲ್ಲಿ ಅವ್ವನ ಭಾವಚಿತ್ರವಿದೆ. ಗಂಧದ ಹಾರ ಹಾಕಿದ್ದೇವೆ. ಬಂದವರು ಕೈಮುಗಿಯುತ್ತಾರೆ. ಆದರೆ ನಿಜ ಹೇಳಬೇಕೆಂದರೆ ಆ ಚಿತ್ರದಲ್ಲಿರುವ ಮುಖ ನಮ್ಮ ಅವ್ವನದಲ್ಲ.

1996ರಲ್ಲಿ ಅವ್ವ ತೀರಿಕೊಂಡಾಗ ಮನೆಯಲ್ಲಿ ಅವಳ ಒಂದು ಒಳ್ಳೆಯ ಫೋಟೋ ಕೂಡ ಇರಲಿಲ್ಲ. ಸಿಕ್ಕಿದ್ದು ಮತದಾರರ ಗುರುತಿನ ಚೀಟಿಯ ಮೇಲಿನ ಹೆಬ್ಬೆರಳಿನಷ್ಟು ಚಿತ್ರ. ಅದನ್ನೇ ಸ್ಟುಡಿಯೋದವರು ದೊಡ್ಡದು ಮಾಡಿ, ಮಸುಕಾದ ಕಣ್ಣು ತುಟಿಗಳನ್ನು ಕುಂಚದಿಂದ ತಿದ್ದಿ, ಕೆನ್ನೆಗೆ ಗುಲಾಬಿ ಬಣ್ಣ ಹಚ್ಚಿ ಕೊಟ್ಟರು. ಅವ್ವನ ಎಡಗಣ್ಣು ಬಲಗಣ್ಣಿಗಿಂತ ಕೊಂಚ ಸಣ್ಣದು. ನಕ್ಕರೆ ಅದು ಮುಚ್ಚಿಯೇ ಹೋಗುತ್ತಿತ್ತು. ಚಿತ್ರದಲ್ಲಿ ಎರಡೂ ಕಣ್ಣು ಸಮವಾಗಿವೆ, ನಗುವೂ ಇಲ್ಲ. ನಮ್ಮ ಮಕ್ಕಳು, ಮೊಮ್ಮಕ್ಕಳು ಇದೇ ಮುಖವನ್ನು ತಮ್ಮ ಹಿರಿಯಳೆಂದು ತಿಳಿದು ಬೆಳೆದಿದ್ದಾರೆ.

ಅರವತ್ತು ದಾಟಿದ ಮೇಲೆ ನಾನೇಕೆ ಕ್ಯಾಮೆರಾ ಹಿಡಿದೆನೆಂದು ಬಂಧುಗಳು ಕೇಳುತ್ತಾರೆ. ಆ ಗೋಡೆಯ ಚಿತ್ರವೇ ಅದಕ್ಕೆ ಕಾರಣ.

ಪೆಟ್ಟಿಗೆ ಸೇರಿದ ಕ್ಯಾಮೆರಾ

ಫೋಟೋದ ಹುಚ್ಚು ನನಗೆ ಹೊಸದಲ್ಲ. 1979ರಲ್ಲಿ ಸೋಲಾಪುರದಿಂದ ಒಂದು ಆಗ್ಫಾ ಕ್ಲಿಕ್ 3 ಕ್ಯಾಮೆರಾ ತಂದಿದ್ದೆ. ಒಂದು ರೋಲಿಗೆ ಹನ್ನೆರಡು ಚಿತ್ರ. ಮೂರು ರೋಲು ಮುಗಿಯುವಷ್ಟರಲ್ಲಿ, ಫಿಲ್ಮಿನ ಮೇಲೆ ಜಿಲೆಟಿನ್ ಎಂಬ ಲೇಪವಿರುತ್ತದೆ, ಅದನ್ನು ದನಗಳ ಎಲುಬು ಮತ್ತು ಚರ್ಮದಿಂದ ಮಾಡುತ್ತಾರೆ ಎಂದು ಪರಿಚಯದ ಮಾಸ್ತರರೊಬ್ಬರು ಅಪ್ಪಾಜಿಗೆ ಹೇಳಿದರು. ಅಪ್ಪಾಜಿ ಬೈಯಲಿಲ್ಲ. “ಮಾಡೋದು ಬಿಡೋದು ನಿನ್ನ ಮನಸ್ಸಿಗೆ ಬಿಟ್ಟದ್ದು” ಎಂದಷ್ಟೇ ಅಂದರು. ಕ್ಯಾಮೆರಾ ಟ್ರಂಕಿನ ತಳ ಸೇರಿತು.

ಮಾಸ್ತರರ ಮಾತು ಸುಳ್ಳಾಗಿರಲಿಲ್ಲ. 1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ಇಂಗ್ಲೆಂಡಿನ ವೈದ್ಯರು ಬೆಳಕಿಗೆ ಕಪ್ಪಾಗುವ ಬೆಳ್ಳಿಯ ಲವಣವನ್ನು ಜಿಲೆಟಿನ್‌ನಲ್ಲಿ ಬೆರೆಸಿ ಗಾಜಿಗೆ ಹಚ್ಚುವ ವಿಧಾನವನ್ನು ಪ್ರಕಟಿಸಿದರು. ಮುಂದೆ ಬಂದ ಫಿಲ್ಮ್ ರೋಲು, ಫೋಟೋ ಕಾಗದ ಎಲ್ಲವೂ ಇದೇ ಲೇಪವನ್ನು ನೆಚ್ಚಿಕೊಂಡು ಬೆಳೆದವು. ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮಿನ ಜಾಗದಲ್ಲಿ ಸಿಲಿಕಾನಿನ ಬಿಲ್ಲೆ ಇರುತ್ತದೆ, ಲೇಪದ ಗೊಡವೆ ಇಲ್ಲ. ಆದರೆ ಕಲರ್ ಲ್ಯಾಬುಗಳಲ್ಲಿ ರಾಸಾಯನಿಕದಲ್ಲಿ ತೊಳೆದು ಕೊಡುವ ಫೋಟೋ ಕಾಗದದಲ್ಲಿ ಇಂದಿಗೂ ಜಿಲೆಟಿನ್ ಇರುತ್ತದೆ. ಶಾಯಿಯಿಂದ ಮುದ್ರಿಸುವ ಇಂಕ್‌ಜೆಟ್ ಕಾಗದಗಳಲ್ಲಿ ಕೆಲವಕ್ಕೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ವ್ರತ ಹಿಡಿದವರು ಕೇಳಿ ತಿಳಿದೇ ಕೊಳ್ಳಬೇಕು. ನಾನು ಹಾಗೆಯೇ ಮಾಡುತ್ತೇನೆ.

ಆದರೂ ಎಲ್ಲ ತಪ್ಪನ್ನು ಜಿಲೆಟಿನ್ ಮೇಲೆ ಹೊರಿಸುವಂತಿಲ್ಲ. ಆ ಮೂರು ರೋಲುಗಳ ಮೂವತ್ತಾರು ಚಿತ್ರಗಳನ್ನು ಮೊನ್ನೆ ತೆಗೆದು ನೋಡಿದೆ. ಗೆಳೆಯರಿದ್ದಾರೆ, ಜಾತ್ರೆ ಇದೆ, ಬಸ್ ಸ್ಟ್ಯಾಂಡ್ ಇದೆ. ಅವ್ವ ಇಲ್ಲ. ಅವಳು ಮನೆಯಲ್ಲೇ ಇರುತ್ತಾಳಲ್ಲ, ಯಾವಾಗ ಬೇಕಾದರೂ ತೆಗೆದರಾಯಿತು ಎಂದುಕೊಂಡಿದ್ದೆ.

ಸೀರೆಯ ಗಿರಾಕಿ ಕಲಿಸಿದ್ದು

2018ರಲ್ಲಿ ಅಂಗಡಿಯ ಭಾರ ಮಗನ ಹೆಗಲಿಗೆ ಹೋದ ಮೇಲೆ ಹಳೆಯದೊಂದು ಡಿಜಿಟಲ್ ಕ್ಯಾಮೆರಾ ಕೊಂಡೆ. ಗುರು ನಮ್ಮ ಅಣ್ಣನ ಮೊಮ್ಮಗ, ಇಪ್ಪತ್ತರ ಹುಡುಗ. ಮೊದಲ ಆರು ತಿಂಗಳು ತೆಗೆದದ್ದೆಲ್ಲ ಹಾಳು. ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ತೆಗೆದರೆ ಕಣ್ಣುಗಳು ಕಪ್ಪು ಕುಳಿಗಳಾದವು. ಫ್ಲಾಶ್ ಹೊಡೆದರೆ ಮುಖ ಸುಣ್ಣ ಬಳಿದ ಗೋಡೆಯಂತಾಯಿತು. ಮಧ್ಯಾಹ್ನದ ಬಿಸಿಲಿಗೆ ನಿಲ್ಲಿಸಿದರೆ ಎಲ್ಲರೂ ಹುಬ್ಬು ಗಂಟು ಹಾಕಿದರು.

ಒಂದು ದಿನ ಅಂಗಡಿಯಲ್ಲಿ ಕುಳಿತಿದ್ದೆ. ಗಿರಾಕಿಯೊಬ್ಬಳು ಇಳಕಲ್ ಸೀರೆಯನ್ನು ಎತ್ತಿಕೊಂಡು ಬಾಗಿಲಿಗೆ ನಡೆದಳು. ನಲವತ್ತು ವರ್ಷದಿಂದ ನೋಡುತ್ತ ಬಂದಿದ್ದೇನೆ. ಅಂಗಡಿಯಲ್ಲಿ ಎಷ್ಟು ದೀಪ ಹಾಕಿದರೂ ಹೆಣ್ಣುಮಕ್ಕಳು ಬಟ್ಟೆಯ ನಿಜ ಬಣ್ಣವನ್ನು ಬಾಗಿಲ ಬೆಳಕಿನಲ್ಲೇ ನೋಡುವವರು. ಬಿಸಿಲಿಗೆ ಹೋಗುವುದಿಲ್ಲ, ಹೊಸ್ತಿಲ ಒಳಗೆ ನೆರಳಿನಲ್ಲಿ ನಿಂತು ಸೆರಗನ್ನು ಅತ್ತಿತ್ತ ಹೊರಳಿಸುತ್ತಾರೆ. ಬಟ್ಟೆಗೆ ಬೇಕಾದ ಬೆಳಕೇ ಮುಖಕ್ಕೂ ಬೇಕು ಎಂದು ಅಂದು ಹೊಳೆಯಿತು.

ಅಂದಿನಿಂದ ನನ್ನ ಸ್ಟುಡಿಯೋ ಮನೆಯ ಬಾಗಿಲೇ. ನೇರ ಬಿಸಿಲು ಬೀಳದ ಬಾಗಿಲು ಅಥವಾ ಕಿಟಕಿಯಿಂದ ಎರಡು ಮೂರು ಅಡಿ ಒಳಗೆ ಹಿರಿಯರನ್ನು ಕೂರಿಸಬೇಕು. ಬೆಳಕು ಮುಖದ ಒಂದು ಬದಿಯಿಂದ ಬರಲಿ. ಆಚೆಯ ಕೆನ್ನೆ ತೀರ ಕಪ್ಪಾದರೆ ಆ ಬದಿಗೆ ಒಂದು ಬಿಳಿಯ ಧೋತರ ಹಿಡಿದರೆ ಸಾಕು, ಬೆಳಕು ತಿರುಗಿ ಬಂದು ಸುಕ್ಕುಗಳಲ್ಲಿ ಮೆಲ್ಲಗೆ ಇಳಿಯುತ್ತದೆ. ಕನ್ನಡಕದಲ್ಲಿ ಕಿಟಕಿ ಹೊಳೆದರೆ ಗಲ್ಲವನ್ನು ಒಂದಿಷ್ಟು ಇಳಿಸಲು ಹೇಳಬೇಕು. ರಾತ್ರಿ ದೊಡ್ಡ ದೀಪ ಹಚ್ಚಿ ಫೋಟೋ ತೆಗೆಯುವುದನ್ನು ಬಿಟ್ಟಿದ್ದೇನೆ. ದೀಪಕ್ಕೆ ಹುಳುಗಳು ಬಂದು ಬೀಳುತ್ತವೆ. ಹಗಲಿನ ಬೆಳಕಿಗೆ ಹಿಂಸೆಯೂ ಇಲ್ಲ, ಖರ್ಚೂ ಇಲ್ಲ.

ಮೂಗು ಏಕೆ ದೊಡ್ಡದಾಯಿತು?

ಎರಡನೆಯ ಪಾಠ ದೂರದ್ದು. ಮೊಬೈಲನ್ನು ಒಂದೂವರೆ ಅಡಿ ದೂರಕ್ಕೆ ಹಿಡಿದು ತೆಗೆದರೆ ಮೂಗು ದೊಡ್ಡದಾಗಿ, ಕಿವಿಗಳು ಹಿಂದೆ ಸರಿದಂತೆ ಕಾಣುತ್ತವೆ. ಹತ್ತಿರದ ವಸ್ತು ದೊಡ್ಡದು, ದೂರದ್ದು ಸಣ್ಣದು, ಇಷ್ಟೇ ಅದರ ಗುಟ್ಟು. ಐದಾರು ಅಡಿ ಹಿಂದೆ ಸರಿದರೆ ಮೂಗು ಕಿವಿಗಳ ಅಂತರದ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ, ಮುಖ ನಾವು ದಿನವೂ ನೋಡುವ ಹಾಗೆಯೇ ಬರುತ್ತದೆ. ನನ್ನ ಕ್ಯಾಮೆರಾಕ್ಕೆ 50 ಮಿಲಿಮೀಟರಿನ ಲೆನ್ಸ್ ಹಾಕಿ ಅಷ್ಟು ದೂರ ನಿಲ್ಲುತ್ತೇನೆ. ಮೊಬೈಲಿನಲ್ಲಾದರೆ ಹಿಂದೆ ಸರಿದು ಎರಡು ಪಟ್ಟು ಮಾಡಿಕೊಂಡರೆ ಆದೀತು.

ಕಣ್ಣು ಸ್ಪಷ್ಟವಾಗಿದ್ದರೆ ಉಳಿದ ಕೊರತೆಗಳನ್ನು ನೋಡುವವರು ಮನ್ನಿಸುತ್ತಾರೆ. ಆದ್ದರಿಂದ ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣಿನ ಮೇಲೆಯೇ ಫೋಕಸ್ ಮಾಡಬೇಕು. ಹಿರಿಯರ ತಲೆ, ಕೈ ಸ್ವಲ್ಪ ನಡುಗುವುದು ಸಹಜ. ಶಟರ್ ವೇಗ ಸೆಕೆಂಡಿನ 125ನೇ ಒಂದು ಭಾಗಕ್ಕಿಂತ ನಿಧಾನವಾದರೆ ಚಿತ್ರ ಅಲುಗುತ್ತದೆ. ಇಷ್ಟನ್ನು ಯಾರಾದರೂ ಒಂದು ತಿಂಗಳಲ್ಲಿ ಕಲಿಯಬಹುದು. ಹಿರಿಯರ ಮನಸ್ಸು ಒಲಿಸುವುದನ್ನು ಕಲಿಯಲು ನನಗೆ ವರ್ಷಗಳೇ ಬೇಕಾದವು.

ಅಕ್ಕನ ನಿರಾಕರಣೆ

ನಮ್ಮ ದೊಡ್ಡಕ್ಕನಿಗೆ ಈಗ ಎಂಬತ್ತು ದಾಟಿದೆ. ಅವಳದು ಅವ್ವನದೇ ಮುಖ, ಅದೇ ಸಣ್ಣ ಎಡಗಣ್ಣು. ಅವಳ ಮುಂದೆ ಮೊದಲ ಸಲ ಕ್ಯಾಮೆರಾ ತೆಗೆದಾಗ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. “ಯಾಕೋ ತಮ್ಮಾ, ಗೋಡಿಗೆ ಹಾರ ಹಾಕಾಕ ಈಗಿಂದನ ತಯಾರಿ ನಡಸೀ ಏನು?” ಎಂದಳು. ನನಗೆ ನಾಚಿಕೆಯಾಯಿತು. ನಾನು ಮಾಡಲು ಹೊರಟದ್ದು ಅದನ್ನೇ ಅಲ್ಲವೇ?

ಆ ದಿನಗಳಲ್ಲಿ ಲಾಲಾ ದೀನದಯಾಳರ ಬಗ್ಗೆ ಓದಿದೆ. 1844ರಲ್ಲಿ ಮೇರಠ ಬಳಿಯ ಸರಧಾನಾದ ಜೈನ ಮನೆತನದಲ್ಲಿ ಹುಟ್ಟಿ, ಹೈದರಾಬಾದಿನ ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾಗಿ ರಾಜಾ ಎಂಬ ಬಿರುದು ಪಡೆದವರು. ಪರದೆಯೊಳಗಿನ ಹೆಣ್ಣುಮಕ್ಕಳು ಪರಪುರುಷನ ಮುಂದೆ ಕೂರಲು ಒಪ್ಪುವುದಿಲ್ಲವೆಂದು ಅವರು 1892ರಲ್ಲಿ ಹೈದರಾಬಾದಿನಲ್ಲಿ ಸ್ತ್ರೀಯರಿಗಾಗಿಯೇ ಒಂದು ಸ್ಟುಡಿಯೋ ತೆರೆದು, ಅದನ್ನು ಆಂಗ್ಲ ಮಹಿಳೆಯೊಬ್ಬರ ಕೈಗೆ ಒಪ್ಪಿಸಿದರು. ಕೂರುವವರಿಗೆ ಸಂಕೋಚವಾಗದಂತೆ ವ್ಯವಸ್ಥೆ ಮಾಡುವುದು ತೆಗೆಯುವವನ ಕರ್ತವ್ಯ ಎಂದು ಅವರು ತಿಳಿದಿದ್ದರು.

ನಾನು ಕ್ಯಾಮೆರಾ ಮನೆಯಲ್ಲಿಟ್ಟು ಅಕ್ಕನ ಮನೆಗೆ ಹೋಗತೊಡಗಿದೆ. ನಮ್ಮ ಮನೆಯವರನ್ನೂ ಕರೆದೊಯ್ಯುತ್ತಿದ್ದೆ. ವಾರಕ್ಕೊಮ್ಮೆ ಹೋಗಿ ಒಂದು ಗಂಟೆ ಕೂರುವುದು, ತವರಿನ ಮಾತು ಆಡುವುದು. ಅಂಗಡಿಯ ಗದ್ದಲದಲ್ಲಿ ಇಷ್ಟು ವರ್ಷ ಅವಳ ಜತೆ ಒಂದು ಗಂಟೆ ನೆಮ್ಮದಿಯಾಗಿ ಕೂತಿರಲಿಲ್ಲವೆಂಬುದು ಆಗ ತಿಳಿಯಿತು. ಅವ್ವ ಮದುವೆಯಾಗಿ ಬಂದ ವರ್ಷದ ಬರ, ಸತ್ತುಹೋದ ನಮ್ಮಿಬ್ಬರ ನಡುವಿನ ತಂಗಿ, ಅಪ್ಪಾಜಿ ಸಾಲ ತೀರಿಸಿದ ಬಗೆ, ಇವೆಲ್ಲ ನನಗೆ ಗೊತ್ತೇ ಇರಲಿಲ್ಲ.

ನಾಲ್ಕು ತಿಂಗಳಾದ ಮೇಲೆ ಒಂದು ಮುಂಜಾನೆ ಕ್ಯಾಮೆರಾ ಜತೆಗೇ ಹೋದೆ. ಅಕ್ಕ ಬಾಗಿಲಲ್ಲಿ ಕುಳಿತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಹುಳುವೊಂದು ಕಂಡರೆ ಬೆರಳ ತುದಿಯಲ್ಲಿ ಎತ್ತಿ ಪಕ್ಕಕ್ಕೆ ಬಿಡುತ್ತಿದ್ದಳು. “ತೆಗೀಲೇನಕ್ಕಾ?” ಎಂದು ಕೇಳಿದೆ. “ನಾ ಏನ್ ಕೆಲಸ ಬಿಡಾಂಗಿಲ್ಲ ನೋಡು, ನೀ ಏನ್ ಮಾಡ್ಕೋತೀ ಮಾಡ್ಕೋ” ಅಂದಳು. ನಮ್ಮ ಮನೆಯವರು ಹಳೆಯ ತಮಾಷೆಯೊಂದನ್ನು ನೆನಪಿಸಿದರು. ಅಕ್ಕ ಮುಖ ಎತ್ತಿ ನಕ್ಕಳು. ಅಂದು ಹನ್ನೊಂದು ಚಿತ್ರ ತೆಗೆದೆ.

ನೋಡಿದ ಹುಡುಗ ಒಂದನ್ನು ತೋರಿಸಿ, “ಮುತ್ಯಾ, ಇದರಾಗ ಒಂದು ಕಣ್ಣ ಮುಚ್ಚೇತಿ, ಅಳಿಸಿಬಿಡು” ಎಂದ. ಶಾಸ್ತ್ರದ ಪ್ರಕಾರ ಅವನ ಮಾತು ಸರಿ. ನಾನು ಅಳಿಸಲಿಲ್ಲ. ಮುದ್ರಿಸಿ ಅಕ್ಕನ ಕೈಗೆ ಕೊಟ್ಟೆ. ಅವಳು ಕನ್ನಡಕ ತರಿಸಿಕೊಂಡು ಬಾಗಿಲಿಗೆ ಹೋಗಿ ಬಹಳ ಹೊತ್ತು ನೋಡಿದಳು. “ಇದು ನಾ ಅಲ್ಲೋ ತಮ್ಮಾ, ಅವ್ವ” ಎಂದಳು.

ಇದು ಮೋಹವಲ್ಲವೇ?

ಬಸದಿಯಲ್ಲಿ ಹಿರಿಯ ಶ್ರಾವಕರೊಬ್ಬರು ನನ್ನನ್ನು ಕೇಳಿದರು: “ದೇಹ ಪುದ್ಗಲ, ಕ್ಷಣ ಕ್ಷಣಕ್ಕೂ ಮಾಸುವಂಥದ್ದು. ಅದರ ಚಿತ್ರ ಹಿಡಿದಿಡುವುದು ಮೋಹವಲ್ಲವೇ?” ಪ್ರಶ್ನೆ ನ್ಯಾಯವಾದದ್ದೇ. ನನ್ನ ಅಲ್ಪ ತಿಳಿವಳಿಕೆಯಂತೆ ಉತ್ತರಿಸಿದೆ. ಪರ್ಯಾಯಗಳು ಬದಲಾಗುತ್ತವೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ. ಅಕ್ಕನ ಮೂರು ವರ್ಷದ ಚಿತ್ರಗಳನ್ನು ಸಾಲಾಗಿ ಇಟ್ಟಾಗ ಅದು ಕಣ್ಣಿಗೇ ಕಂಡಿತು. ಮೋಹ ಪೂರ್ತಿ ಹೋಗಿದೆಯೆಂದು ನಾನು ಹೇಳಲಾರೆ. ಆದರೆ ಉಪಕರಣಗಳ ಮೋಹಕ್ಕೆ ಕಡಿವಾಣ ಹಾಕಿದ್ದೇನೆ. ಈ ಹವ್ಯಾಸದಲ್ಲಿ ಹೊಸ ಲೆನ್ಸಿನ ಆಸೆಗೆ ಕೊನೆಯಿಲ್ಲ. ಪರಿಗ್ರಹ ಪರಿಮಾಣದಲ್ಲಿ ಒಂದು ಕ್ಯಾಮೆರಾ, ಎರಡು ಲೆನ್ಸ್ ಎಂದು ಬರೆದುಕೊಂಡಿದ್ದೇನೆ. ಕೇಳದೆ ಯಾರ ಚಿತ್ರವನ್ನೂ ತೆಗೆಯುವುದಿಲ್ಲ. ಯಾರಾದರೂ ಬೇಡವೆಂದರೆ ಅಳಿಸುತ್ತೇನೆ.

ಓದುಗ ಬಂಧುಗಳಲ್ಲಿ ಒಂದು ವಿನಂತಿ. ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ನಾವೆಲ್ಲ ಹಿರಿಯರ ಮನೆಗೆ ಹೋಗುತ್ತೇವೆ. ಈ ಸಲ ಹತ್ತು ನಿಮಿಷಕ್ಕೆ ಎದ್ದು ಬರಬೇಡಿ. ಒಂದು ಗಂಟೆ ಕೂತು ಮಾತಾಡಿಸಿ, ಒಪ್ಪಿದರೆ ಬಾಗಿಲ ಬೆಳಕಿನಲ್ಲಿ ಒಂದು ಚಿತ್ರ ತೆಗೆಯಿರಿ. ಮೊಬೈಲಿನಲ್ಲೇ ಬಿಡದೆ ಕಾಗದದ ಮೇಲೆ ಮುದ್ರಿಸಿ, ಹಿಂದೆ ಹೆಸರು, ಊರು, ತಾರೀಖು ಬರೆದಿಡಿ.

ಅಕ್ಕ ತನ್ನ ಚಿತ್ರವನ್ನು ಗೋಡೆಗೆ ಹಾಕಗೊಡಲಿಲ್ಲ. ಇದ್ದವರ ಫೋಟೋಕ್ಕೆ ಮೊಳೆ ಹೊಡೆಯಬಾರದಂತೆ. ತನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟುಕೊಂಡಿದ್ದಾಳೆ. ಮೊಮ್ಮಕ್ಕಳು ಬಂದಾಗ ತೆಗೆದು, “ನಮ್ಮವ್ವ ಹಿಂಗ ನಗತಿದ್ಲು” ಎಂದು ತೋರಿಸುತ್ತಾಳೆ.

ಜೈ ಜಿನೇಂದ್ರ.